ಹೊರದೇಶದಲ್ಲಿ ಮೊದಲ ಉದ್ಯೋಗಿ: ಕನ್ಸಲ್ಟೆಂಟ್ ಎಂದು ಬರೆದುಕೊಂಡರೆ ಸಾಕೇ?

ಮೊದಲನೇಮಕ

ನಮ್ಮದು 14 ಜನರ ಸಾಫ್ಟ್‌ವೇರ್ ಕಂಪನಿ. ಪ್ರಯೋಗಾಲಯಗಳು ಬಳಸುವ ಒಂದು ತಂತ್ರಾಂಶ ತಯಾರಿಸುತ್ತೇವೆ. ಜರ್ಮನಿಯಲ್ಲಿ ನಮಗೆ ಕಚೇರಿಯಿಲ್ಲ, ಶಾಖೆಯಿಲ್ಲ, ಗ್ರಾಹಕರು ಮಾತ್ರ ಇದ್ದಾರೆ. ಆರು ವರ್ಷ ನಮ್ಮ ತಂತ್ರಾಂಶವನ್ನೇ ಬಳಸಿ, ಅದರ ಹುಳುಕುಗಳನ್ನು ನಮಗಿಂತ ಚೆನ್ನಾಗಿ ಬಲ್ಲ ಒಬ್ಬರು ಅಲ್ಲಿಂದಲೇ ನಮ್ಮ ಜೊತೆ ಕೆಲಸ ಮಾಡಲು ಒಪ್ಪಿದ್ದಾರೆ. ಮನೆಯಿಂದ ಕೆಲಸ, ಗ್ರಾಹಕರಿಗೆ ತರಬೇತಿ ಮತ್ತು ಬೆಂಬಲ.

ನಮ್ಮ ಲೆಕ್ಕಪತ್ರ ನೋಡುವವರ ಸಲಹೆ ಹೀಗಿದೆ: "ಕನ್ಸಲ್ಟೆಂಟ್ ಎಂದು ಬರೆದುಕೊಳ್ಳಿ. ತಿಂಗಳಿಗೊಂದು ಇನ್‌ವಾಯ್ಸ್ ಕಳಿಸಲಿ, ಹಣ ಹಾಕಿ. ವಿಮೆ, ಪಿಂಚಣಿ ಎಲ್ಲ ಅವರೇ ನೋಡಿಕೊಳ್ಳುತ್ತಾರೆ." ಇದನ್ನೇ ಅವರಿಗೆ ವಿಡಿಯೊ ಕರೆಯಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾನು ಕಾಯಿಲೆ ಬಿದ್ದರೆ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಎರಡು ದಿನದಿಂದ ಆ ಪ್ರಶ್ನೆ ತಲೆಯಲ್ಲೇ ಇದೆ. ಈ ದಾರಿಯಲ್ಲಿ ನಡೆದವರು ದಯವಿಟ್ಟು ತಿಳಿಸಿ.

ಸಂಬಳಪಟ್ಟಿ

ಬೇರೆ ಬೇರೆ ದೇಶಗಳ ಸಂಬಳಪಟ್ಟಿ ಮಾಡುವುದೇ ಹಲವು ವರ್ಷಗಳಿಂದ ನನ್ನ ಕೆಲಸ. ಮೊದಲೇ ಹೇಳುತ್ತೇನೆ: ಕನ್ಸಲ್ಟೆಂಟ್ ದಾರಿ ಹಿಡಿಯಬೇಡಿ. ಒಪ್ಪಂದದ ತಲೆಬರಹದಲ್ಲಿ ಏನಿದೆ ಎಂಬುದನ್ನು ಅಲ್ಲಿನ ಅಧಿಕಾರಿಗಳು ಕೊನೆಗೆ ನೋಡುತ್ತಾರೆ. ಮೊದಲು ನೋಡುವುದು ದಿನ ಹೇಗೆ ನಡೆಯುತ್ತದೆ ಎಂಬುದನ್ನು. ಎಷ್ಟು ಗಂಟೆಗೆ ಕೆಲಸಕ್ಕೆ ಕೂರಬೇಕೆಂದು ಹೇಳುವವರು ಯಾರು? ಲ್ಯಾಪ್‌ಟಾಪ್ ಯಾರದು? ರಜೆಗೆ ಯಾರ ಅನುಮತಿ ಬೇಕು? ಅವರಿಗೆ ಬೇರೆ ಗ್ರಾಹಕರಿದ್ದಾರೆಯೇ? ತಾವು ಹೋಗಲಾಗದ ದಿನ ತಮ್ಮ ಬದಲಿಗೆ ಇನ್ನೊಬ್ಬರನ್ನು ಕಳಿಸಬಹುದೇ? ನೀವು ವಿವರಿಸಿದ ಕೆಲಸಕ್ಕೆ ಈ ಪ್ರಶ್ನೆಗಳನ್ನು ಹಾಕಿ ನೋಡಿ. ಪ್ರತಿಯೊಂದು ಉತ್ತರವೂ "ಉದ್ಯೋಗಿ" ಎಂದೇ ಬರುತ್ತದೆ.

ಜರ್ಮನಿಯಲ್ಲಿ ಇದಕ್ಕೆ ಶೈನ್‌ಜೆಲ್ಬ್‌ಸ್ಟೆಂಡಿಗ್‌ಕೈಟ್ ಎನ್ನುತ್ತಾರೆ, ಅಂದರೆ ತೋರಿಕೆಯ ಸ್ವಯಂ ಉದ್ಯೋಗ. ಸಿಕ್ಕಿಬಿದ್ದರೆ ಸಾಮಾಜಿಕ ವಿಮೆಯ ಬಾಕಿಯನ್ನು ನಾಲ್ಕು ವರ್ಷ ಹಿಂದಿನಿಂದ ವಸೂಲಿ ಮಾಡಬಹುದು. ಗೊತ್ತಿದ್ದೂ ತಪ್ಪಿಸಿದ್ದೀರಿ ಎಂದಾದರೆ 30 ವರ್ಷ. ಆ ಬಾಕಿಯಲ್ಲಿ ಉದ್ಯೋಗಿಯ ಪಾಲೂ ನಿಮ್ಮ ತಲೆಗೇ ಬರುತ್ತದೆ. ಕಡಿಯಲು ಬಿಟ್ಟುಹೋದ ಪಾಲನ್ನು ಸಾಮಾನ್ಯವಾಗಿ ಮುಂದಿನ ಮೂರು ಸಂಬಳಗಳಲ್ಲಿ ಮಾತ್ರ ಹಿಡಿಯಬಹುದು, ಅದಕ್ಕಿಂತ ಹಿಂದಿನದು ನಿಮ್ಮ ಕೈಯಿಂದ. ಉದ್ದೇಶಪೂರ್ವಕ ಎಂದಾದರೆ ದಂಡ ಸಂಹಿತೆಯ ಕಲಮೂ ಇದೆ. ನಿಮ್ಮ ಲೆಕ್ಕದವರು ಉಳಿಸುತ್ತೇನೆ ಎಂದ ಹಣ ಇದರ ಮುಂದೆ ಏನೂ ಅಲ್ಲ.

ಎರಡನೇಪಾಳಿ

ನಾನು ಮೇಜಿನ ಆ ಬದಿಯಲ್ಲಿ ಕುಳಿತವಳು, ಅದಕ್ಕೇ ಬರೆಯುತ್ತಿದ್ದೇನೆ. ಒಂದು ವಿದೇಶಿ ಕಂಪನಿಗೆ ನಾಲ್ಕು ವರ್ಷ "ಕನ್ಸಲ್ಟೆಂಟ್" ಆಗಿದ್ದೆ. ಪ್ರತಿ ತಿಂಗಳ 25ಕ್ಕೆ ಒಂದೇ ಮೊತ್ತದ ಇನ್‌ವಾಯ್ಸ್; ತಿಂಗಳ ಹೆಸರು ಮತ್ತು ಕ್ರಮಸಂಖ್ಯೆ ಮಾತ್ರ ಬದಲಾಗುತ್ತಿದ್ದವು. ಅಂಥವು 47 ಆದವು. ತಂಡದ ಎಲ್ಲರಂತೆ ನನಗೂ ವಾರ್ಷಿಕ ಮೌಲ್ಯಮಾಪನ ನಡೆಯುತ್ತಿತ್ತು, ರಜೆಗೆ ಅರ್ಜಿ ಹಾಕಬೇಕಿತ್ತು. ಆದರೆ ಗೃಹಸಾಲಕ್ಕೆ ಹೋದಾಗ ಬ್ಯಾಂಕಿನವರು ಸಂಬಳ ಚೀಟಿ ಕೇಳಿದರು. ನನ್ನ ಬಳಿ ಇರಲಿಲ್ಲ. ಹೆರಿಗೆಯ ನಂತರ ಐದನೇ ವಾರಕ್ಕೆ ಲ್ಯಾಪ್‌ಟಾಪ್ ತೆರೆದೆ. ಇನ್‌ವಾಯ್ಸ್ ಇಲ್ಲದಿದ್ದರೆ ಹಣವಿಲ್ಲ, ಅಷ್ಟೇ ಕಾರಣ. ಮಗು ತೊಡೆಯ ಮೇಲೆ ಮಲಗಿರುತ್ತಿತ್ತು, ನಾನು ಮೈಕ್ ಮುಚ್ಚಿಟ್ಟುಕೊಂಡು ಸಭೆ ಕೇಳುತ್ತಿದ್ದೆ.

ಕೆಲಸ ಮುಗಿದದ್ದೂ ಹಾಗೆಯೇ. ಮಧ್ಯಾಹ್ನ ಒಂದು ಇಮೇಲ್ ಬಂತು, ಸಂಜೆಯೊಳಗೆ ನನ್ನ ಪಾಸ್‌ವರ್ಡ್ ಯಾವುದೂ ಕೆಲಸ ಮಾಡಲಿಲ್ಲ. ಅವರು ಕೆಟ್ಟವರೆಂದು ಹೇಳುವುದಿಲ್ಲ. ಯಾರೂ ಕುಳಿತು ನನ್ನ ಕಡೆಯಿಂದ ಒಂದು ಸಲ ಲೆಕ್ಕ ಹಾಕಿ ನೋಡಿರಲಿಲ್ಲ. ಮೊದಲನೇಮಕ ಅವರೇ, ನಿಮ್ಮ ಅಭ್ಯರ್ಥಿ ಕೇಳಿದ ಪ್ರಶ್ನೆಯನ್ನು ಕೇಳುವ ಧೈರ್ಯ ನನಗಿರಲಿಲ್ಲ. ಅವರಿಗೆ ಸರಿಯಾದ ಉತ್ತರ ಕೊಡಿ.

ಗಡಿಯಾಚೆ

ಎರಡನೇಪಾಳಿಯವರ ಮಾತು ಮನಸ್ಸಿಗೆ ತಟ್ಟಿತು. ಆದರೂ ಕನ್ಸಲ್ಟೆಂಟ್ ಎಂದರೆ ಯಾವಾಗಲೂ ಮೋಸ ಎಂದಾಗಬಾರದು. ಮೂರು ತಿಂಗಳಲ್ಲಿ ಕೈಪಿಡಿಯನ್ನು ಜರ್ಮನ್‌ಗೆ ಅನುವಾದಿಸಿಕೊಡಿ, ಇಷ್ಟು ಹಣ, ನಿಮಗೆ ಬೇಕಾದ ಹೊತ್ತಿನಲ್ಲಿ ಮಾಡಿ ಎಂದರೆ ಅದು ನಿಜವಾದ ಗುತ್ತಿಗೆ. ನಾವು ಹಾಗೆ ಕೊಟ್ಟಿದ್ದೇವೆ, ಎರಡೂ ಕಡೆಯವರಿಗೂ ಒಳ್ಳೆಯದೇ ಆಗಿದೆ.

ಉದ್ಯೋಗಿಯೇ ಬೇಕು ಎಂದಾದರೆ ಮೂರು ದಾರಿಗಳು. ಒಂದು, ಅಲ್ಲೇ ಕಂಪನಿ ಅಥವಾ ಶಾಖೆ ತೆರೆಯುವುದು. ಒಬ್ಬರಿಗಾಗಿ ಅದು ಭಾರ. ಎರಡು, ಎಂಪ್ಲಾಯರ್ ಆಫ್ ರೆಕಾರ್ಡ್, ಎಲ್ಲರೂ ಇಒಆರ್ ಎನ್ನುತ್ತಾರೆ: ಅಲ್ಲಿನ ಒಂದು ಸಂಸ್ಥೆ ಕಾಗದದ ಮೇಲೆ ಮಾಲೀಕನಾಗಿ ಸಂಬಳ, ತೆರಿಗೆ, ವಿಮೆ ನೋಡಿಕೊಳ್ಳುತ್ತದೆ, ದಿನದ ಕೆಲಸ ಹೇಳುವುದು ನೀವು. ಮೂರು, ಶಾಖೆಯಿಲ್ಲದೆಯೇ ವಿದೇಶಿ ಮಾಲೀಕರಾಗಿ ನೇರ ನೋಂದಣಿ. ಮೂರನೆಯದು ಬಹಳ ಜನರಿಗೆ ಗೊತ್ತೇ ಇಲ್ಲ. ಫ್ರಾನ್ಸ್‌ನಲ್ಲಿ ಸಾಮಾಜಿಕ ವಿಮೆಯ ಹಣ ಸಂಗ್ರಹಿಸುವ ಉರ್ಸಾಫ್ ಸಂಸ್ಥೆ ವಿದೇಶಿ ಕಂಪನಿಗಳಿಗಾಗಿಯೇ ಒಂದು ವಿಭಾಗ ಇಟ್ಟಿದೆ.

ಜರ್ಮನಿಯ ಇಒಆರ್ ಬಗ್ಗೆ ಒಂದು ಎಚ್ಚರಿಕೆ. ಅಲ್ಲಿ ಅದನ್ನು ಸಾಮಾನ್ಯವಾಗಿ ಕಾರ್ಮಿಕರನ್ನು ಎರವಲು ಕೊಡುವ ವ್ಯವಹಾರ ಎಂದೇ ನೋಡುತ್ತಾರೆ. ಅದಕ್ಕೆ ಸರ್ಕಾರದ ಪರವಾನಗಿ ಬೇಕು, ಮತ್ತು 2017ರ ಏಪ್ರಿಲ್‌ನಿಂದ ಒಬ್ಬರನ್ನು ಒಂದೇ ಕಂಪನಿಗೆ ಎರವಲು ಕೊಡುವ ಮಿತಿ 18 ತಿಂಗಳು. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಪರವಾನಗಿಯ ಪ್ರತಿ ಕೇಳಿ, 19ನೇ ತಿಂಗಳಿಗೆ ಏನು ಮಾಡುತ್ತೀರಿ ಎಂದೂ ಕೇಳಿ. ನಾವು ಕೇಳಿದಾಗ ಮಾರಾಟ ವಿಭಾಗದವರು ಮಾತು ಬದಲಿಸಿದರು. ಅಲ್ಲಿಗೆ ಅವರನ್ನು ಬಿಟ್ಟೆವು.

ಮೊದಲನೇಮಕ

ಇಷ್ಟು ಜನ ಇಷ್ಟು ಹೊತ್ತು ಕೊಟ್ಟು ಬರೆದಿದ್ದೀರಿ, ಧನ್ಯವಾದ. ಎರಡನೇಪಾಳಿಯವರೇ, ನಿಮ್ಮ ಬರಹವನ್ನು ನಮ್ಮ ಪಾಲುದಾರರಿಗೂ ಓದಿ ಹೇಳಿದೆ. ಕನ್ಸಲ್ಟೆಂಟ್ ಆಲೋಚನೆ ಕೈಬಿಟ್ಟಿದ್ದೇವೆ.

ಇನ್ನೊಂದು ಸಂಶಯ. 183 ದಿನದವರೆಗೆ ತೆರಿಗೆ ಇಲ್ಲ ಎಂದು ಲೆಕ್ಕದವರು ಹೇಳುತ್ತಾರೆ. ಹಾಗಾದರೆ ಮೊದಲ ಆರು ತಿಂಗಳು ಆರಾಮವಾಗಿರಬಹುದೇ?

ಸಂಬಳಪಟ್ಟಿ

ಇಲ್ಲ. ಈ 183 ದಿನದಷ್ಟು ತಪ್ಪಾಗಿ ಕೈ ಬದಲಾಯಿಸಿದ ಸಂಖ್ಯೆ ಈ ಕೆಲಸದಲ್ಲಿ ಇನ್ನೊಂದಿಲ್ಲ, ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಎರಡು ದೇಶಗಳು ಒಂದೇ ಆದಾಯಕ್ಕೆ ಎರಡು ಸಲ ತೆರಿಗೆ ಹಾಕಬಾರದೆಂದು ಒಪ್ಪಂದ ಮಾಡಿಕೊಳ್ಳುತ್ತವೆ. ಬಹುಪಾಲು ಒಪ್ಪಂದಗಳು ಒಇಸಿಡಿ (ಹಲವು ದೇಶಗಳ ಆರ್ಥಿಕ ಸಹಕಾರ ಸಂಘಟನೆ) ಅಥವಾ ವಿಶ್ವಸಂಸ್ಥೆಯ ಮಾದರಿಯ ಮೇಲೆ ನಿಂತಿವೆ. ಒಇಸಿಡಿ ಮಾದರಿಯ 15ನೇ ವಿಧಿಯಲ್ಲಿ ಈ 183 ದಿನ ಬರುತ್ತದೆ. ಅದು ತಾತ್ಕಾಲಿಕವಾಗಿ ಹೋಗಿಬರುವವರಿಗೆ: ನೀವು ನಿಮ್ಮ ಎಂಜಿನಿಯರನ್ನು ಎರಡು ತಿಂಗಳು ಅಲ್ಲಿಗೆ ಕಳಿಸಿದರೆ, 12 ತಿಂಗಳಲ್ಲಿ ಒಟ್ಟು ವಾಸ 183 ದಿನ ಮೀರದಿದ್ದರೆ, ಸಂಬಳ ಕೊಡುವ ಮಾಲೀಕ ಆ ದೇಶದ ನಿವಾಸಿಯಾಗಿರದಿದ್ದರೆ, ಆ ದೇಶದಲ್ಲಿ ನಿಮಗಿರುವ ಯಾವುದೇ ಕಾಯಂ ನೆಲೆ (ಕಚೇರಿ, ಶಾಖೆಯಂಥದ್ದು) ಆ ಸಂಬಳವನ್ನು ಭರಿಸದಿದ್ದರೆ, ಆಗ ಆ ದೇಶ ಅವರ ಸಂಬಳಕ್ಕೆ ತೆರಿಗೆ ಹಾಕುವುದಿಲ್ಲ. ಮೂರೂ ಷರತ್ತು ಒಟ್ಟಿಗೆ ಕೂಡಿಬರಬೇಕು. ನೀವು ತೆಗೆದುಕೊಳ್ಳುತ್ತಿರುವವರು ಅಲ್ಲೇ ಮನೆ ಮಾಡಿಕೊಂಡು ಇರುವವರು. ಅವರಿಗೆ ಮೊದಲ ದಿನದ ಸಂಬಳದಿಂದಲೇ ತೆರಿಗೆ.

ಅದನ್ನು ಯಾರು ಕಟ್ಟಿ ಕೊಡಬೇಕು ಎಂಬುದು ಬೇರೆ ಪ್ರಶ್ನೆ. ಜರ್ಮನಿಯಲ್ಲಿ ನೆಲೆಯಿಲ್ಲದ ವಿದೇಶಿ ಮಾಲೀಕನಿಗೆ ಸಾಮಾನ್ಯವಾಗಿ ಸಂಬಳದಲ್ಲಿ ತೆರಿಗೆ ಕಡಿದು ಕಟ್ಟುವ ಹೊಣೆಯಿಲ್ಲ. ಉದ್ಯೋಗಿಯೇ ಮೂರು ತಿಂಗಳಿಗೊಮ್ಮೆ ಮುಂಗಡ ತೆರಿಗೆ ಕಟ್ಟುತ್ತಾರೆ. ಇದನ್ನು ಅವರಿಗೆ ಮೊದಲೇ ಬಿಡಿಸಿ ಹೇಳಿ. ಕೈಗೆ ಬಂದ ಹಣವೆಲ್ಲ ತಮ್ಮದೆಂದು ಖರ್ಚು ಮಾಡಿ, ಮಾರ್ಚ್‌ನಲ್ಲಿ ತೆರಿಗೆ ಕಚೇರಿಯ ಪತ್ರ ನೋಡಿ ಅತ್ತವರನ್ನು ನಾನು ಬಲ್ಲೆ. ಸಾಮಾಜಿಕ ವಿಮೆ ಮಾತ್ರ ಹಾಗಲ್ಲ. ಮಾಲೀಕ ಎಲ್ಲಿದ್ದರೂ ಅದನ್ನು ನೀವೇ ಲೆಕ್ಕ ಹಾಕಿ ಕಟ್ಟಬೇಕು. ಆರೋಗ್ಯ, ಪಿಂಚಣಿ, ನಿರುದ್ಯೋಗ, ಆರೈಕೆ ಈ ನಾಲ್ಕರಲ್ಲೂ ಹೆಚ್ಚುಕಡಿಮೆ ಅರ್ಧರ್ಧ. ನಿಮ್ಮ ಪಾಲು ಒಟ್ಟು ಸಂಬಳದ ಸುಮಾರು ಐದನೇ ಒಂದು ಭಾಗ. ಅಪಘಾತ ವಿಮೆ ಪೂರ್ತಿ ನಿಮ್ಮದು.

ಗಡಿಯಾಚೆ

ಸಂಬಳಪಟ್ಟಿಯವರು "ಕಾಯಂ ನೆಲೆ" ಎಂದರಲ್ಲ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ತೆರಿಗೆಯವರ ಮಾತಿನಲ್ಲಿ ಪಿಇ, ಅಂದರೆ ಪರ್ಮನೆಂಟ್ ಎಸ್ಟಾಬ್ಲಿಷ್‌ಮೆಂಟ್. ನಿಮ್ಮ ಉದ್ಯೋಗಿ ತರಬೇತಿ, ಬೆಂಬಲ ಎಂದಿದ್ದರೆ ಅಪಾಯ ಕಡಿಮೆ. ನಾಳೆ ಅವರೇ ಗ್ರಾಹಕರ ಜೊತೆ ದರ ಮಾತಾಡಿ, ಒಪ್ಪಂದಗಳನ್ನು ಕುದುರಿಸಿ, ನೀವು ಇಲ್ಲಿ ಕುಳಿತು ಸಹಿ ಮಾತ್ರ ಹಾಕುವಂತಾದರೆ, ಆ ದೇಶದಲ್ಲಿ ನಿಮ್ಮ ಕಂಪನಿಗೇ ನೆಲೆಯಿದೆ ಎಂದು ತೆರಿಗೆ ಇಲಾಖೆ ಹೇಳಬಹುದು. ಆಗ ನಿಮ್ಮ ಲಾಭದ ಒಂದು ಪಾಲಿಗೆ ಅಲ್ಲಿ ತೆರಿಗೆ. ಇಒಆರ್ ಮೂಲಕ ತೆಗೆದುಕೊಂಡರೂ ಈ ಅಪಾಯ ತಪ್ಪುವುದಿಲ್ಲ. ಹುದ್ದೆಯ ವಿವರಣೆಯನ್ನು ಪ್ರಾಮಾಣಿಕವಾಗಿ ಬರೆಯಿರಿ, ಕೆಲಸ ಬದಲಾದ ದಿನ ಅದನ್ನೂ ಬದಲಿಸಿ.

ಕರಾರುಪತ್ರ

ಒಪ್ಪಂದದ ಬಗ್ಗೆ ನಾನು ಎರಡು ಮಾತು ಸೇರಿಸುತ್ತೇನೆ. "ಈ ಒಪ್ಪಂದಕ್ಕೆ ನಮ್ಮ ದೇಶದ ಕಾನೂನು ಅನ್ವಯ" ಎಂದು ಬರೆದು ನಿರಾಳವಾಗುವ ಕಂಪನಿಗಳನ್ನು ತುಂಬಾ ನೋಡಿದ್ದೇನೆ. ಐರೋಪ್ಯ ಒಕ್ಕೂಟದ ರೋಮ್ 1 ನಿಯಮಾವಳಿಯ 8ನೇ ವಿಧಿ ಸ್ಪಷ್ಟವಾಗಿದೆ: ಯಾವ ಕಾನೂನನ್ನು ಆರಿಸಿಕೊಂಡರೂ, ಉದ್ಯೋಗಿ ಸಾಮಾನ್ಯವಾಗಿ ಕೆಲಸ ಮಾಡುವ ದೇಶದ ಕಡ್ಡಾಯ ರಕ್ಷಣೆಗಳನ್ನು ಕಿತ್ತುಕೊಳ್ಳುವಂತಿಲ್ಲ. ಈ ಸಂಬಂಧದಲ್ಲಿ ಪರದೇಶಿ ನೀವು. ಅವರು ತಮ್ಮ ಮನೆಯಲ್ಲಿದ್ದಾರೆ, ಅಲ್ಲಿನ ಕಾನೂನಿನ ಸೂರಿನಡಿ ಇದ್ದಾರೆ. ಇದನ್ನು ಒಪ್ಪಿಕೊಂಡ ಮೇಲೆ ಉಳಿದದ್ದೆಲ್ಲ ಸುಲಭ.

ಇನ್ನೊಂದು, ಕೆಲಸದ ಹೊತ್ತು. ಜರ್ಮನಿಯಲ್ಲಿ ಒಂದು ದಿನದ ಕೆಲಸ ಮುಗಿದು ಮರುದಿನದ ಕೆಲಸ ಶುರುವಾಗುವ ನಡುವೆ 11 ಗಂಟೆ ವಿಶ್ರಾಂತಿ ಇರಬೇಕು. ರಾತ್ರಿ 10ರವರೆಗೆ ಒಂದು ಸಭೆ, ಬೆಳಿಗ್ಗೆ 7ಕ್ಕೆ ಇನ್ನೊಂದು ಎಂದು ಕರೆದರೆ ಕಾನೂನು ಮುರಿದಂತೆ. ಸಮಯದ ಅಂತರವಿರುವ ತಂಡಗಳು ಬಹಳ ಸಲ ಎಡವುವುದು ಇಲ್ಲೇ. ವಾರ್ಷಿಕ ರಜೆ, ವಾರಕ್ಕೆ ಐದು ದಿನ ಕೆಲಸವಾದರೆ, ಕನಿಷ್ಠ 20 ದಿನ. ಸಾರ್ವಜನಿಕ ರಜೆಗಳು ಅದರ ಮೇಲೆ, ಅವೂ ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಗಡಿಯಾಚೆ

ಕೆಲಸದಿಂದ ತೆಗೆಯುವ ವಿಷಯವನ್ನು ಯಾರೂ ಎತ್ತಲಿಲ್ಲ. ಸೇರಿಸಿಕೊಳ್ಳುವ ಹೊತ್ತಿಗೇ ಅದನ್ನು ತಿಳಿದಿರಬೇಕು, ಆದ್ದರಿಂದ ನಮ್ಮಿಂದ ಆದ ತಪ್ಪನ್ನು ಹೇಳುತ್ತೇನೆ.

ಜರ್ಮನಿಯಲ್ಲಿ ನಮಗೊಬ್ಬರು ಉದ್ಯೋಗಿ ಇದ್ದರು. ಆರು ತಿಂಗಳ ಪ್ರೊಬೇಷನ್ ಜೂನ್ 30ಕ್ಕೆ ಮುಗಿಯುತ್ತಿತ್ತು. ಕೆಲಸ ಹೊಂದಿಕೆಯಾಗಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಜೂನ್ 28ಕ್ಕೆ ನಾನು ಸಹಿ ಮಾಡಿದ ಪತ್ರವನ್ನು ಸ್ಕ್ಯಾನ್ ಮಾಡಿ ಇಮೇಲ್‌ನಲ್ಲಿ ಕಳಿಸಿದೆ. ಪ್ರೊಬೇಷನ್‌ನಲ್ಲಿ ನೋಟಿಸ್ ಎರಡು ವಾರ, ಜುಲೈ 12ಕ್ಕೆ ಮುಗಿಯುತ್ತದೆ ಎಂದುಕೊಂಡೆ. ಮರುದಿನ ಅವರ ವಕೀಲರಿಂದ ಒಂದೇ ಸಾಲಿನ ಉತ್ತರ ಬಂತು: ಜರ್ಮನ್ ನಾಗರಿಕ ಸಂಹಿತೆಯ 623ನೇ ಕಲಮಿನಂತೆ ಕೆಲಸದಿಂದ ತೆಗೆಯುವ ಪತ್ರ ಕಾಗದದ ಮೇಲೆ, ಪೆನ್ನಿನ ಸಹಿಯೊಂದಿಗೆ ಇರಬೇಕು, ಇಮೇಲ್ ಲೆಕ್ಕಕ್ಕಿಲ್ಲ. ಓಡಿಹೋಗಿ ಮೂಲಪ್ರತಿಯನ್ನು ಕೊರಿಯರ್ ಮಾಡಿದೆ. ಅದು ಅವರ ಕೈ ಸೇರಿದ್ದು ಜುಲೈ 3ಕ್ಕೆ. ಅಷ್ಟರಲ್ಲಿ ಪ್ರೊಬೇಷನ್ ಮುಗಿದಿತ್ತು. ನೋಟಿಸ್ ನಾಲ್ಕು ವಾರವಾಯಿತು, ಅದೂ ತಿಂಗಳ 15ಕ್ಕೆ ಅಥವಾ ಕೊನೆಗೆ ಮುಗಿಯಬೇಕು. ಜುಲೈ 31ರವರೆಗೆ ಸಂಬಳ ಕೊಟ್ಟೆವು.

ಹಣಕ್ಕಿಂತ ನನ್ನನ್ನು ಕಾಡಿದ್ದು ಬೇರೆ. ಆರು ತಿಂಗಳು ನಮ್ಮ ಜೊತೆ ದುಡಿದ ಮನುಷ್ಯನಿಗೆ ಒಂದು ಫೋನ್ ಕೂಡ ಮಾಡದೆ ಇಮೇಲ್ ಕಳಿಸಿದ್ದೆ. ಆಮೇಲೆ ಮಾತಾಡಿ ಕ್ಷಮೆ ಕೇಳಿದೆ. ಅವರು ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡರು.

ಸಂಬಳಪಟ್ಟಿ

ನೀವು ಇದನ್ನು ಬರೆದದ್ದು ದೊಡ್ಡ ಉಪಕಾರ. ಒಂದು ಪೂರಕ ಮಾಹಿತಿ: ಜರ್ಮನಿಯ ವಜಾ ರಕ್ಷಣಾ ಕಾಯ್ದೆ ಅನ್ವಯವಾಗುವುದು ಆರು ತಿಂಗಳ ಸೇವೆಯ ನಂತರ, ಮತ್ತು 10ಕ್ಕಿಂತ ಹೆಚ್ಚು ಉದ್ಯೋಗಿಗಳಿರುವ ಕಡೆ. ಅದು ಅನ್ವಯವಾದರೆ ತೆಗೆಯಲು ಕಾನೂನು ಒಪ್ಪುವ ಕಾರಣ ಬೇಕು. ಅಮೆರಿಕದಲ್ಲಿ ಮೊಂಟಾನಾ ಒಂದನ್ನು ಬಿಟ್ಟರೆ ಉಳಿದ ರಾಜ್ಯಗಳಲ್ಲಿ ಸಾಮಾನ್ಯವಾಗಿ ಕಾರಣ ಕೊಡದೆ ತೆಗೆಯಬಹುದು. ಒಂದು ದೇಶದ ಒಪ್ಪಂದದ ನಮೂನೆಯನ್ನು ಹೆಸರು ಬದಲಿಸಿ ಇನ್ನೊಂದು ದೇಶಕ್ಕೆ ಬಳಸಬೇಡಿ ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ.

ಸೈಟ್‌ಕಚೇರಿ

ನನ್ನದು ಕಟ್ಟಡ ಕೆಲಸದ ಕ್ಷೇತ್ರ, ಸಂಯುಕ್ತ ಅರಬ್ ಸಂಸ್ಥಾನದಲ್ಲಿ. ಯುರೋಪಿನ ಮಾತೇ ಆಗುತ್ತಿದೆ, ಈ ಕಡೆಯ ಎರಡು ವಿಷಯವೂ ಇರಲಿ. ಇಲ್ಲಿ ಪೂರ್ಣಕಾಲಿಕ ವಿದೇಶಿ ಉದ್ಯೋಗಿಗೆ ಒಂದು ವರ್ಷ ಪೂರ್ತಿಯಾದ ಮೇಲೆ ಸೇವಾಂತ್ಯದ ಗ್ರಾಚ್ಯುಟಿ ಸಿಗಬೇಕು: ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲೆ ವರ್ಷಕ್ಕೆ 30 ದಿನದ್ದು. ಮೂಲ ವೇತನ ಎಂಬ ಪದ ಗಮನಿಸಿ. ಆಫರ್ ಲೆಟರ್‌ನಲ್ಲಿ ಮೂಲ ವೇತನ ಕಡಿಮೆ ಮಾಡಿ ಭತ್ಯೆ ಹೆಚ್ಚು ತೋರಿಸಿದರೆ, ಹತ್ತು ವರ್ಷ ದುಡಿದವನ ಕೈಗೆ ಕೊನೆಗೆ ಬರುವುದು ಅರೆಬರೆ. ಸಂಬಳ ಒಡೆದು ಬರೆಯುವವರು ಆ ದಿನವನ್ನು ನೆನೆದು ಬರೆಯಿರಿ.

ವೀಸಾ ಮತ್ತು ನೇಮಕಾತಿಯ ಖರ್ಚನ್ನು ಕಾರ್ಮಿಕನಿಂದ ವಸೂಲಿ ಮಾಡುವುದಕ್ಕೆ 2021ರ ಕಾರ್ಮಿಕ ಕಾನೂನು ಅವಕಾಶ ಕೊಡುವುದಿಲ್ಲ. ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವಂತೆಯೂ ಇಲ್ಲ. ಆದರೂ ಮಧ್ಯವರ್ತಿ ಏಜೆಂಟರು ಊರಿನಲ್ಲೇ ಸಾಲ ಮಾಡಿಸಿ ಹಣ ಪಡೆದಿರುತ್ತಾರೆ. ನಾನು ಈಗ ಹೊಸಬರು ಬಂದ ಮೊದಲ ವಾರವೇ ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಅವರ ಭಾಷೆಯಲ್ಲೇ, "ಇಲ್ಲಿಗೆ ಬರಲು ಯಾರಿಗೆ ಎಷ್ಟು ಕೊಟ್ಟೆ?" ಎಂದು ಕೇಳುತ್ತೇನೆ. ಗುಂಪಿನಲ್ಲಿ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ.

ಎರಡನೇಪಾಳಿ

ಸೈಟ್‌ಕಚೇರಿಯವರೇ, ನೀವು ಕೇಳುವ ಆ ಒಂದು ಪ್ರಶ್ನೆಗೆ ಕೈಮುಗಿಯುತ್ತೇನೆ.

ಸಂಬಳಪಟ್ಟಿ

ಸಂಬಳ ಒಡೆಯುವ ಮಾತು ಬಂದದ್ದಕ್ಕೆ ಒಂದು ಸೇರ್ಪಡೆ: ತಿಂಗಳ ಸಂಬಳವನ್ನು 12ರಿಂದ ಗುಣಿಸಿ ವರ್ಷದ ಖರ್ಚು ಎಂದುಕೊಳ್ಳಬೇಡಿ. ಫಿಲಿಪ್ಪೀನ್ಸ್‌ನಲ್ಲಿ 13ನೇ ತಿಂಗಳ ಸಂಬಳ ಕಾನೂನು, ಡಿಸೆಂಬರ್ 24ರೊಳಗೆ ಕೊಡಬೇಕು. ಬ್ರೆಜಿಲ್‌ನಲ್ಲಿ 13ನೇ ಸಂಬಳದ ಜೊತೆಗೆ ರಜೆಯ ತಿಂಗಳಿಗೆ ಮೂರನೇ ಒಂದು ಭಾಗ ಹೆಚ್ಚು, ತಿಂಗಳಿಗೆ 8% ಎಫ್‌ಜಿಟಿಎಸ್ ಎಂಬ, ಉದ್ಯೋಗಿಯ ಹೆಸರಿನಲ್ಲಿ ಕೂಡಿಡುವ ನಿಧಿಗೆ. ನೆದರ್ಲೆಂಡ್ಸ್‌ನಲ್ಲಿ 8% ರಜಾ ಭತ್ಯೆ.

ನೆದರ್ಲೆಂಡ್ಸ್‌ನ ಕಾಯಿಲೆಯ ನಿಯಮವನ್ನಂತೂ ಅಲ್ಲಿ ನೇಮಿಸಿಕೊಳ್ಳುವ ಪ್ರತಿಯೊಬ್ಬರೂ ತಿಳಿದಿರಬೇಕು. ಉದ್ಯೋಗಿ ಕಾಯಿಲೆ ಬಿದ್ದರೆ ಮಾಲೀಕ 104 ವಾರ, ಅಂದರೆ ಎರಡು ವರ್ಷ, ಸಂಬಳದ ಕನಿಷ್ಠ 70% ಕೊಡಬೇಕು. ಸಣ್ಣ ಕಂಪನಿಗಳು ಇದಕ್ಕೆಂದೇ ವಿಮೆ ಮಾಡಿಸುತ್ತವೆ. ಕಾಯಿಲೆ ಏನೆಂದು ಮಾಲೀಕ ಕೇಳುವಂತೆಯೂ ಇಲ್ಲ. ಅದನ್ನು ತಿಳಿಯುವವರು ಕಂಪನಿ ಗೊತ್ತುಮಾಡಿದ ವೈದ್ಯರು ಮಾತ್ರ. ನನ್ನ ಗ್ರಾಹಕರೊಬ್ಬರು ಕಾಳಜಿಯಿಂದಲೇ "ಏನಾಯಿತು, ವೈದ್ಯರು ಏನೆಂದರು?" ಎಂದು ಸಂದೇಶ ಬರೆದು, ಕಳಿಸುವ ಮೊದಲು ನನಗೆ ತೋರಿಸಿದರು. "ಬೇಗ ಗುಣವಾಗಲಿ, ನಮ್ಮಿಂದ ಏನಾದರೂ ಸಹಾಯ ಬೇಕೇ?" ಎಂದಷ್ಟೇ ಉಳಿಸಿ ಕಳಿಸಿ ಎಂದೆ. ನಾಲ್ಕು ತಿಂಗಳಿಗೆ ಆ ಉದ್ಯೋಗಿ ಮರಳಿದರು, ಈಗಲೂ ಅಲ್ಲೇ ಇದ್ದಾರೆ.

ಮೊದಲನೇಮಕ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ನೇರ ನೋಂದಣಿಯ ದಾರಿ ಹಿಡಿದೆವು. ಜರ್ಮನಿಯ ಉದ್ಯೋಗ ಸಂಸ್ಥೆಯಿಂದ ಎಂಟು ಅಂಕಿಯ ಬೆಟ್ರೀಬ್ಸ್‌ನಮ್ಮರ್ ಬಂದಿದೆ, ಮಾಲೀಕನ ಗುರುತಿನ ಸಂಖ್ಯೆ ಅದು. ತಿಂಗಳ ಲೆಕ್ಕಕ್ಕೆ ಅಲ್ಲಿನ ಸಂಬಳಪಟ್ಟಿ ಕಚೇರಿಯೊಂದನ್ನು ಗೊತ್ತುಮಾಡಿದ್ದೇವೆ. ವಿಮೆಯ ಹಣ ಆಯಾ ತಿಂಗಳ ಕೊನೆಯಿಂದ ಮೂರನೇ ಬ್ಯಾಂಕ್ ದಿನಕ್ಕೆ ತಲುಪಬೇಕಂತೆ, ಸಂಬಳ ಕೊಡುವ ಮೊದಲೇ. ಇದು ನಮಗೆ ಹೊಸದು. ಹಣದ ವ್ಯವಸ್ಥೆಯನ್ನು ಒಂದು ವಾರ ಮೊದಲೇ ಮಾಡಿಕೊಳ್ಳುವಂತೆ ಬದಲಿಸಿದೆವು. ಹುದ್ದೆಯ ವಿವರಣೆಯಿಂದ ದರ ಮಾತಾಡುವ ಸಾಲನ್ನು ತೆಗೆದೆವು, ನಿಜವಾಗಿಯೂ ಆ ಕೆಲಸ ಅವರಿಗೆ ಕೊಡುವುದಿಲ್ಲ. ಬೆಳಗಿನ ಸಭೆಯನ್ನು ಅವರ ಹೊತ್ತಿಗೆ ಹೊಂದಿಸಿದೆವು. ನಮ್ಮವರು ಇಬ್ಬರು ಗೊಣಗಿದರು, ಕಾರಣ ಹೇಳಿದ ಮೇಲೆ ಒಪ್ಪಿದರು.

ನಿನ್ನೆ ಅವರಿಗೆ ಕರೆ ಮಾಡಿದೆ. "ನೀವು ಅಂದು ಒಂದು ಪ್ರಶ್ನೆ ಕೇಳಿದ್ದಿರಿ" ಎಂದೆ. ಕೆಲಸಕ್ಕೆ ಸೇರಿ ನಾಲ್ಕು ವಾರ ಕಳೆದ ಮೇಲೆ ಕಾಯಿಲೆ ಬಿದ್ದರೆ ಆರು ವಾರ ಪೂರ್ತಿ ಸಂಬಳ ನಾವು ಕೊಡುತ್ತೇವೆ, ಆಮೇಲೂ ಗುಣವಾಗದಿದ್ದರೆ ಅವರ ಆರೋಗ್ಯ ವಿಮಾ ನಿಧಿ ಒಟ್ಟು ಸಂಬಳದ 70%ವರೆಗೆ ಕೊಡುತ್ತದೆ, ಆ ನಿಧಿಗೆ ನಮ್ಮ ಪಾಲು ಮೊದಲ ತಿಂಗಳಿಂದಲೇ ಹೋಗುತ್ತದೆ ಎಂದು ಹೇಳಿದೆ. ಮೊದಲ ನಾಲ್ಕು ವಾರಗಳಿಗೆ ಕಾನೂನು ಕೇಳದಿದ್ದರೂ ನಾವೇ ಕೊಡುತ್ತೇವೆ ಎಂದು ಒಪ್ಪಂದದಲ್ಲಿ ಬರೆದಿದ್ದೇವೆ. ಇದೆಲ್ಲ ಅವರಿಗೆ ಮೊದಲೇ ಗೊತ್ತಿತ್ತು. "ನಿಮಗೆ ಗೊತ್ತಿದೆಯೇ ಎಂದು ನನಗೆ ತಿಳಿಯಬೇಕಿತ್ತು" ಎಂದರು. ಮುಂದಿನ ತಿಂಗಳ 1ಕ್ಕೆ ಸೇರುತ್ತಾರೆ.

ಎರಡನೇಪಾಳಿ

ತುಂಬಾ ಸಂತೋಷವಾಯಿತು. ಒಂದು ಸಣ್ಣ ಕೋರಿಕೆ: ಮೊದಲ ಸಂಬಳ ಚೀಟಿ ಹೋಗುವ ದಿನ ಅವರ ಜೊತೆ ಹತ್ತು ನಿಮಿಷ ಕುಳಿತು ಪ್ರತಿ ಕಡಿತವನ್ನೂ ಸಾಲು ಸಾಲಾಗಿ ಒಟ್ಟಿಗೆ ಓದಿ. ಮುಂಗಡ ತೆರಿಗೆಗೆ ಎಷ್ಟು ತೆಗೆದಿಡಬೇಕೆಂಬುದನ್ನೂ ಅಂದೇ ಲೆಕ್ಕ ಹಾಕಿಕೊಡಿ.

ಮೊದಲನೇಮಕ

ಖಂಡಿತ. ಕ್ಯಾಲೆಂಡರ್‌ನಲ್ಲಿ ಈಗಲೇ ಗುರುತು ಹಾಕಿಕೊಂಡೆ, ಅವರ ಮಧ್ಯಾಹ್ನ 2 ಗಂಟೆಗೆ.